ವಸ್ತಾದನ ಎಡಗಡೆಯ ಸೀಟು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೆಎ-24 ಫಲಕದ ಲಾರಿ ಕಂಡರೆ ಅದು ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದು. ಮಾಲೀಕ ಬೈಲಹೊಂಗಲದವನೇ ಇರಬೇಕೆಂದಿಲ್ಲ; ಸವದತ್ತಿಯವನೋ ರಾಮದುರ್ಗದವನೋ ಇರಬಹುದು. ಮಲಪ್ರಭೆಯ ಈ ಸೀಮೆಯಿಂದ ಹತ್ತಿ, ಕಡಲೆ, ಗೋವಿನಜೋಳ, ಸೋಯಾಬಿನ್ ಹೊರಡುತ್ತವೆ. ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ, ಮುನವಳ್ಳಿ, ರಾಮದುರ್ಗಗಳ ಕಾರ್ಖಾನೆಗಳಿಂದ ಸಕ್ಕರೆ ಚೀಲಗಳು ಹೊರಡುತ್ತವೆ. ಇವನ್ನೆಲ್ಲ ದೂರದ ಪೇಟೆಗಳಿಗೆ ಮುಟ್ಟಿಸಿದ ಹಿರಿಯ ಚಾಲಕರನ್ನು ಮಾತನಾಡಿಸಿ ನೋಡಿ. ಡ್ರೈವಿಂಗ್ ಸ್ಕೂಲಿನಲ್ಲಿ ಲಾರಿ ಕಲಿತೆ ಎನ್ನುವವರು ತೀರಾ ಅಪರೂಪ. ಅವರು ಕಲಿತದ್ದು ಲಾರಿಯಲ್ಲೇ ಉಂಡು, ಲಾರಿಯಲ್ಲೇ ಮಲಗಿ, ಕಲಿಸುವ ಹಿರಿಯ ಚಾಲಕನ, ಅಂದರೆ ವಸ್ತಾದನ, ಎಡಗಡೆಯ ಸೀಟಿನಲ್ಲಿ ವರ್ಷಗಟ್ಟಲೆ ಕ್ಲೀನರ್ ಆಗಿ ಕೂತು.

ಆ ಸೀಟು ಈಗ ಖಾಲಿಯಾಗುತ್ತಿದೆ. ಅದು ಮತ್ತೆ ತುಂಬಬೇಕು, ಆದರೆ ಹಿಂದಿನ ರೀತಿಯಲ್ಲಲ್ಲ ಎಂಬುದು ನನ್ನ ವಾದ.

ಹಳ್ಳಿಯ ಹುಡುಗ ಲಾರಿ ಹತ್ತುವ ಬಗೆ ಹೆಚ್ಚುಕಡಿಮೆ ಒಂದೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ಇಂಗ್ಲಿಷೋ ಉಳಿದಿರುತ್ತದೆ. ಹೊಲ ಎರಡೆಕರೆ, ಅಣ್ಣತಮ್ಮಂದಿರು ಮೂವರು. ಓಣಿಯಲ್ಲೋ ಬೀಗರಲ್ಲೋ ಒಬ್ಬ ಡ್ರೈವರ್ ಇರುತ್ತಾನೆ. 'ಇವನ್ನ ನಿನ್ನ ಕೈಯಾಗ ಹಾಕೇವಿ ನೋಡಪಾ' ಎಂದು ತಾಯಿ ಹೇಳಿದರೆ ಅದೇ ದಾಖಲಾತಿ. ಅವತ್ತಿನಿಂದ ಹುಡುಗನಿಗೆ ಆತ ಮಾಮಾ, ಇಲ್ಲವೇ ಕಾಕಾ. ನಾಲ್ಕು ಜನರ ಮುಂದೆ ವಸ್ತಾದ. ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಇನ್ನೊಂದರಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಜೋಳದ ಕಟಕ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಧಾಬಾದಲ್ಲಿ ಒಂದು ಬಟ್ಟಲು ಮೊಸರು ತೆಗೆದುಕೊಂಡರೆ ಇಬ್ಬರ ಊಟ ಮುಗಿಯಿತು.

ಸ್ಟೇರಿಂಗ್ ಮುಟ್ಟುವ ಮಾತು ಬಹಳ ದಿನ ಬರುವುದಿಲ್ಲ. ಮೊದಲು ಗಾಲಿ. ಬೆಳಗಿನ ಜಾವ ವಸ್ತಾದ ಮುಖ ತೊಳೆಯುವುದರೊಳಗೆ ಹುಡುಗ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಹೊಡೆಯುತ್ತ ಸುತ್ತು ಬರಬೇಕು. ಹವಾ ಸರಿ ಇದ್ದರೆ ರಾಡು ಪುಟಿಯುತ್ತದೆ, ಸಪ್ಪಳ ಬಿಗಿಯಾಗಿ ಬರುತ್ತದೆ. ಇಳಿದಿದ್ದರೆ ಮಂದವಾಗಿ ಬರುತ್ತದೆ. ಹಿಂದಿನ ಜೋಡಿ ಗಾಲಿಗಳ ನಡುವೆ ಕಲ್ಲು ಸಿಕ್ಕಿಬಿದ್ದಿದೆಯೇ ಎಂದು ಬಗ್ಗಿ ನೋಡಬೇಕು. ಸಿಕ್ಕ ಕಲ್ಲನ್ನು ಕೀಳದೆ ಹೊರಟರೆ ಅದು ಟೈರನ್ನು ಕೊರೆಯುತ್ತದೆ, ಇಲ್ಲವೇ ವೇಗದಲ್ಲಿ ಸಿಡಿದು ಹಿಂದೆ ಬರುವ ಬೈಕಿನವನ ಮುಖಕ್ಕೆ ಹೊಡೆಯುತ್ತದೆ. ಆಮೇಲೆ ಏರ್ ಟ್ಯಾಂಕಿನ ಕೆಳಗಿನ ನಲ್ಲಿ ಬಿಟ್ಟು ಒಳಗೆ ಕೂತ ನೀರು ಹೊರಹಾಕುವುದು. ಲಾರಿಯ ಬ್ರೇಕ್ ಕೆಲಸ ಮಾಡುವುದು ಹವೆಯ ಒತ್ತಡದಿಂದ. ಟ್ಯಾಂಕಿನಲ್ಲಿ ನೀರು ತುಂಬಿದಷ್ಟೂ ಹವೆಗೆ ಜಾಗ ಕಡಿಮೆ. ಈ ತತ್ವವನ್ನು ಹುಡುಗನಿಗೆ ಯಾರೂ ಹೇಳಿರುವುದಿಲ್ಲ. ನಲ್ಲಿ ಬಿಡಲು ಮರೆತ ದಿನ ಬೈಗುಳ ತಿಂದಿರುತ್ತಾನೆ, ಅಷ್ಟೇ. ಕಾರಣ ಆಮೇಲೆ, ಘಟ್ಟದಲ್ಲಿ ತಿಳಿಯುತ್ತದೆ.

ಹತ್ತಿಯ ಬೇಲು ಹೇರಿದ ಗಾಡಿಗೆ ತಾಡಪತ್ರಿ ಕಟ್ಟುವುದೇ ಒಂದು ವಿದ್ಯೆ. ಲೋಡಿನ ಮೇಲೆ ಹತ್ತಿ, ಮುಂದಿನ ತಾಡಪತ್ರಿಯ ಅಂಚು ಹಿಂದಿನದರ ಮೇಲೆ ಬರುವಂತೆ ಹಾಸಬೇಕು. ತಿರುವು ಮುರುವಾದರೆ ಗಾಳಿ ಒಳಹೊಕ್ಕು ಹರಿದುಹೋಗುತ್ತದೆ. ಹಗ್ಗವನ್ನು ಅಡ್ಡಡ್ಡ ಎಳೆದು ಕೆಳಗಿನ ಕೊಂಡಿಗೆ ಸುತ್ತಿ, ಕಾಲು ಕೊಟ್ಟು ಜಗ್ಗಿ ಗಂಟು ಹಾಕಬೇಕು. ಆ ಗಂಟು ಸಾವಿರ ಕಿಲೋಮೀಟರ್ ಬಿಚ್ಚಬಾರದು, ಬಿಚ್ಚುವವನು ಒಮ್ಮೆ ಎಳೆದರೆ ನಿಲ್ಲಬಾರದು. ನಲವತ್ತು ಕಿಲೋಮೀಟರ್ ಹೋದ ಮೇಲೆ ಗಾಡಿ ನಿಲ್ಲಿಸಿ ಹಗ್ಗವನ್ನು ಮತ್ತೊಮ್ಮೆ ಬಿಗಿಯಬೇಕು, ಏಕೆಂದರೆ ಅಷ್ಟರಲ್ಲಿ ಲೋಡು ಕುಲುಕಿ ಕೂತಿರುತ್ತದೆ. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ಮಲಗುವ ವಿಷಯಕ್ಕೆ ಬಂದರೆ, ಹಿಂದಿನ ಉದ್ದ ಸೀಟು ವಸ್ತಾದನದು. ಬೇಸಿಗೆಯಲ್ಲಿ ಹುಡುಗ ಕ್ಯಾಬಿನ್ನಿನ ನೆತ್ತಿಯ ಮೇಲೆ, ಮಳೆಗಾಲದಲ್ಲಿ ಮುಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು. ಡೀಸೆಲ್ ಕಳುವಾಗುವ ಜಾಗಗಳಲ್ಲಿ ಟ್ಯಾಂಕಿನ ಪಕ್ಕ ನೆಲದ ಮೇಲೇ ಹಾಸಿಕೊಳ್ಳಬೇಕು. ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಸ್ನಾನ, ಹೊರಗಿನ ಕನ್ನಡಿಯ ಕಂಬಕ್ಕೆ ಒಣಹಾಕಿದ ಪಂಚೆ. ಒಂದು ಸಣ್ಣ ಜಾಗದಲ್ಲಿ ಇಬ್ಬರು ಗಂಡಸರು ತಿಂಗಳಲ್ಲಿ ಇಪ್ಪತ್ತೈದು ದಿನ ಒಟ್ಟಿಗೆ ಇರುತ್ತಾರೆ. ಒಬ್ಬನ ಗೊರಕೆ, ಕೆಮ್ಮು, ಬೀಡಿ, ಸಿಟ್ಟು, ಮನೆಯ ಸಾಲ ಎಲ್ಲವೂ ಇನ್ನೊಬ್ಬನಿಗೆ ಗೊತ್ತು. ವಸ್ತಾದ ಮೌನವಾದರೆ ನಿದ್ದೆ ಬರುತ್ತಿದೆಯೋ ಚಿಂತೆಯಲ್ಲಿದ್ದಾನೋ ಎಂದು ಹುಡುಗ ಗುರುತಿಸಬಲ್ಲ. ನಿದ್ದೆಯಾದರೆ ಮಾತು ತೆಗೆಯಬೇಕು; ಸುಮ್ಮನೆ ಕೂತು ತಾನೂ ತೂಕಡಿಸಿದರೆ ಇಬ್ಬರಿಗೂ ಅಪಾಯ. ಒಳ್ಳೆಯ ವಸ್ತಾದ ಸಿಕ್ಕರೆ ಅದು ಗರಡಿಮನೆಯಂತೆ: ಪೆಟ್ಟೂ ಇದೆ, ಪಟ್ಟೂ ಇದೆ. ಕೆಟ್ಟವನು ಸಿಕ್ಕರೆ ಬರೀ ಪೆಟ್ಟು.

ಕೊನೆಗೊಂದು ದಿನ, ಲೋಡು ಇಳಿಸಿ ಖಾಲಿ ಬರುವಾಗ, ರಸ್ತೆ ನಿರ್ಜನವಾಗಿರುವ ಹೊತ್ತಿನಲ್ಲಿ, 'ಬಾ, ಕುಂದ್ರು' ಎನ್ನುತ್ತಾನೆ. ಮೊದಲು ಯರಗಟ್ಟಿ ಕಡೆಯ ನೇರ ರಸ್ತೆ, ಆಮೇಲೆ ಹೆದ್ದಾರಿ, ಕೊನೆಗೆ ಘಟ್ಟ. ನಮ್ಮ ಕಡೆಯವರಿಗೆ ಘಟ್ಟವೆಂದರೆ ಮುಂಬೈ ದಾರಿಯಲ್ಲಿ ನಿಪ್ಪಾಣಿ ಹತ್ತಿರದ ತವಂದಿ, ಸಾತಾರಾ ದಾಟಿದ ಮೇಲೆ ಖಂಬಾಟ್ಕಿ. ಕರಾವಳಿಗೆ ಇಳಿಯುವುದಾದರೆ ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್. ಎರಡು ಆ್ಯಕ್ಸಲ್‌ನ ಲಾರಿಗೆ ಕಾನೂನು ಒಪ್ಪುವ ಒಟ್ಟು ತೂಕ 18.5 ಟನ್, 2018ಕ್ಕೆ ಮೊದಲು ಅದು 16.2 ಟನ್ ಇತ್ತು. ಇಷ್ಟು ಭಾರ ಇಳಿಜಾರಿನಲ್ಲಿ ನೂಕುವಾಗ ಬ್ರೇಕನ್ನೇ ನಂಬಿ ಮತ್ತೆ ಮತ್ತೆ ತುಳಿದರೆ ಡ್ರಮ್ ಕಾಯುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಹವಾ ಇಳಿಯುತ್ತದೆ. 'ಏರಿದ ಗೇರ್‌ನ್ಯಾಗ ಇಳಿ ತಮ್ಮಾ. ನ್ಯೂಟ್ರಲ್ ಮಾಡಿದಿ ಅಂದ್ರ ಗಾಡಿ ನಿನ್ನ ಮಾತ ಕೇಳೂದಿಲ್ಲ' ಎಂಬ ಮಾತನ್ನು ಈ ಸೀಮೆಯ ಪ್ರತಿಯೊಬ್ಬ ಕ್ಲೀನರ್ ಕೇಳಿಯೇ ಇರುತ್ತಾನೆ. ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಇಳಿಸಿದವರ ಕಥೆಯನ್ನು ವಸ್ತಾದ ಅದೇ ತಿರುವಿನಲ್ಲಿ, ಅದೇ ಕಂದಕ ತೋರಿಸಿ ಹೇಳುತ್ತಾನೆ. ಹುಡುಗನ ಕೈಕಾಲಿಗೆ ಆ ಪಾಠ ಇಳಿಯುವುದು ಅಲ್ಲೇ.

ಇಷ್ಟೆಲ್ಲ ಒಳ್ಳೆಯದನ್ನು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಆ ನಿರ್ಜನ ರಸ್ತೆಯ ಪಾಠಗಳಲ್ಲಿ ಬಹುಪಾಲು ಕಾನೂನಿನ ಹೊರಗಿನವು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾಗದೆ ಭಾರಿ ವಾಹನದ ಕಲಿಕಾ ಲೈಸೆನ್ಸ್ ಕೂಡ ಸಿಗುವುದಿಲ್ಲ. ಹದಿನೇಳರ ಹುಡುಗ ಸ್ಟೇರಿಂಗ್ ಹಿಡಿದಾಗ ಏನಾದರೂ ಆದರೆ ಸತ್ತವರ ಮನೆಯೂ ಹಾಳು, ಹುಡುಗನ ಮನೆಯೂ ಹಾಳು, ವಿಮೆಯೂ ತಕರಾರು. ಸಂಬಳದ ಮಾತೂ ಹಾಗೆಯೇ. 'ಕಲಿಯಾಕ ಬಂದಾನ' ಎಂಬ ಒಂದೇ ಮಾತಿನಲ್ಲಿ ಊಟ ಮತ್ತು ಕೈಖರ್ಚಿಗೆ ದುಡಿಸಿಕೊಂಡವರಿದ್ದಾರೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆಯಿತು. ಆ ಗಂಟೆಗಳ ಲೆಕ್ಕವನ್ನು ಲಾರಿಯ ಎಡಗಡೆಯ ಸೀಟಿನಲ್ಲಿ ಯಾರಾದರೂ ಹಿಡಿದದ್ದು ನಾನಂತೂ ಕಂಡಿಲ್ಲ. ಆರೇಳು ವರ್ಷ ಕಲಿತರೂ ಕಲಿತದ್ದಕ್ಕೆ ಒಂದು ಚೀಟಿಯ ಆಧಾರವಿಲ್ಲ. ಪಕ್ಕದ ಗದಗಿನಲ್ಲಿ 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರುಮಾಡಿದ ಉದ್ದಿಮೆ ದೇಶದ ದೊಡ್ಡ ಸಾರಿಗೆ ಕಂಪನಿಗಳಲ್ಲೊಂದಾಗಿ ಬೆಳೆಯಿತು. ಆ ಕಥೆ ಸಿನಿಮಾ ಕೂಡ ಆಯಿತು. ಮಾಲೀಕನಿಗೆ ಹೀಗೆ ಬೆಳೆಯುವ ದಾರಿ ಇದೆ. ಕ್ಲೀನರ್ ಡ್ರೈವರ್ ಆಗುವ ದಾರಿಗೆ ಒಂದು ದಾಖಲೆ ಪುಸ್ತಕವೂ ಇಲ್ಲ.

ಈಗ ಆ ಸೀಟು ಖಾಲಿಯಾಗಲು ಕಾರಣಗಳು ಹಲವು. ರಾಷ್ಟ್ರೀಯ ಪರವಾನಗಿಯ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಕಾಲು ಚಾಚಿ ಮಲಗಲು ಹಿಂದೆ ಸೀಟಿರಬೇಕು ಎಂದು 1989ರ ಕೇಂದ್ರ ನಿಯಮಗಳಲ್ಲಿತ್ತು. 2018ರಲ್ಲಿ ಇಬ್ಬರು ಚಾಲಕರ ಷರತ್ತನ್ನು ತೆಗೆದುಹಾಕಿದರು. ಟೋಲ್ ನಾಕೆಯಲ್ಲಿ ಇಳಿದು ಓಡಲು ಹುಡುಗ ಬೇಕಿತ್ತು. ಫಾಸ್ಟ್ಯಾಗ್ ಬಂದು ಆ ಕೆಲಸವೂ ಹೋಯಿತು. ಬಾಡಿಗೆ ಏರದೆ ಡೀಸೆಲ್ ಏರಿದಾಗ ಮಾಲೀಕ ಮೊದಲು ಕಡಿತ ಮಾಡುವುದು ಕ್ಲೀನರ್‌ನ ಭತ್ಯೆಯನ್ನು. ಹುಡುಗರೂ ಬರುತ್ತಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಮೀರದ ಸರಕು ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಖಚಿತಪಡಿಸಿತು. ಪಿಕಪ್ ತೆಗೆದುಕೊಂಡು ಸವದತ್ತಿಯಿಂದ ಹುಬ್ಬಳ್ಳಿಗೆ ಉಳ್ಳಾಗಡ್ಡಿ ಹೊಡೆದು ರಾತ್ರಿ ಮನೆಗೆ ಬರುವ ದಾರಿ ಇರುವಾಗ, ಯಾರದೋ ಬೈಗುಳ ತಿನ್ನುತ್ತ ವರ್ಷಗಟ್ಟಲೆ ಯಾಕೆ ಅಲೆಯಬೇಕು? ಅವರ ಲೆಕ್ಕ ತಪ್ಪಲ್ಲ.

ಆದರೆ ನಷ್ಟವಾಗುತ್ತಿರುವುದು ರಸ್ತೆಗೆ. ನಮ್ಮ ಲಾರಿಗಳಲ್ಲಿ ಚಾಲಕ ಬಲಗಡೆ ಕೂಡುತ್ತಾನೆ. ಎಡಗಡೆ ಬಾಗಿಲಿನ ಕೆಳಗೆ, ಮುಂದಿನ ಗಾಲಿಯ ಹತ್ತಿರ ಏನಿದೆ ಎಂಬುದು ಅವನಿಗೆ ಸರಿಯಾಗಿ ಕಾಣುವುದಿಲ್ಲ. ಬೈಲಹೊಂಗಲದ ಪೇಟೆಯಲ್ಲೋ ರಾಮದುರ್ಗದ ಬಸ್ ನಿಲ್ದಾಣದ ಎದುರೋ ಲಾರಿ ಎಡಕ್ಕೆ ಹೊರಳುವಾಗ ಅಲ್ಲಿ ಸೈಕಲ್ಲಿನ ಹುಡುಗಿ ಇದ್ದರೆ, 'ಏ ಹೋಲ್ಡ್!' ಎಂದು ಬಾಗಿಲು ಬಡಿಯುತ್ತಿದ್ದವನು ಕ್ಲೀನರ್. ಎಪಿಎಂಸಿ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ 'ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕ' ಎನ್ನುತ್ತಿದ್ದವನೂ ಅವನೇ. ಈಗ ಆ ಕೆಲಸವನ್ನು ಹಮಾಲರೋ ದಾರಿಹೋಕರೋ ಮಾಡುತ್ತಾರೆ, ಯಾರೂ ಇಲ್ಲದಿದ್ದರೆ ಇಲ್ಲ.

ಹೊಸ ಚಾಲಕ ಒಬ್ಬನೇ ಹೊರಟರೆ ಕಿತ್ತೂರಿನಿಂದ ದಕ್ಷಿಣಕ್ಕೆ ಅರ್ಧ ಗಂಟೆಯಲ್ಲೇ ಧಾರವಾಡ. ಚತುಷ್ಪಥದಲ್ಲಿ ಎದುರು ವಾಹನವಿಲ್ಲದೆ ಓಡಿಸಿ ರೂಢಿಯಾದವನಿಗೆ ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಹುಕಾಲ ಎರಡೇ ಪಥದ ರಸ್ತೆಯಾಗಿ ಎದುರಾಗುತ್ತಿತ್ತು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿ ಹತ್ತಿರ ಟಿಪ್ಪರ್ ಮತ್ತು ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಪ್ರಾಣ ಕಳೆದುಕೊಂಡದ್ದು ಇದೇ ರಸ್ತೆಯಲ್ಲಿ. ಇಂಥ ಕಡೆ ಎಲ್ಲಿ ಓವರ್‌ಟೇಕ್ ಮಾಡಬಾರದು, ಎಲ್ಲಿ ಡಿಪ್ಪರ್ ಕೊಟ್ಟು ಕಾಯಬೇಕು ಎಂಬುದನ್ನು ಆ ದಾರಿಯಲ್ಲಿ ನೂರು ಸಲ ಹೋದವನು ಪಕ್ಕದಲ್ಲಿ ಕೂತು ಹೇಳಬೇಕು.

ಶ್ರೀಮಂತ ದೇಶಗಳೂ ಇದನ್ನು ಬೆಲೆ ತೆತ್ತು ಕಲಿತಿವೆ. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ 2018ರ ಏಪ್ರಿಲ್ 6ರಂದು ಹಂಬೋಲ್ಟ್ ಊರಿನ ಹಾಕಿ ತಂಡದ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಜನ ಸತ್ತರು. ಲಾರಿ ಚಾಲಕ ಕೆಲಸಕ್ಕೆ ಹೊಸಬ. ಮಾಲೀಕನ ಜೊತೆ ಎರಡು ವಾರ ತಿರುಗಿ ಆಮೇಲೆ ಒಬ್ಬನೇ ಹೊರಟಿದ್ದ. ಮರುವರ್ಷ ಆ ಪ್ರಾಂತ್ಯ ಭಾರಿ ಲಾರಿಯ ಲೈಸೆನ್ಸಿಗೆ 121.5 ಗಂಟೆಗಳ ತರಬೇತಿಯನ್ನು ಕಡ್ಡಾಯ ಮಾಡಿತು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಲೈಸೆನ್ಸ್ ಸಿಕ್ಕ ಮೇಲೂ ಹೊಸಬರು ವಾರಗಟ್ಟಲೆ ತರಬೇತುದಾರನ ಜೊತೆ ಅದೇ ಕ್ಯಾಬಿನ್ನಿನಲ್ಲಿ ಇರುತ್ತಾರೆ. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗುತ್ತಾನೆ, ಕಲಿಯುವವನಿಗೂ ಸಂಬಳವಿದೆ.

ನಮ್ಮಲ್ಲಿ ಇದನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದ 1961ರಲ್ಲೇ ಅಪ್ರೆಂಟಿಸ್ ಕಾಯ್ದೆಯೂ ಬಂತು. ಫಿಟ್ಟರ್, ಎಲೆಕ್ಟ್ರಿಷಿಯನ್ ಹುಡುಗರು ಅದರಡಿ ಶಿಷ್ಯವೇತನ ಪಡೆದು, ಕೊನೆಗೆ ಪ್ರಮಾಣಪತ್ರ ಹಿಡಿದು ಹೊರಬರುತ್ತಾರೆ. ಲಾರಿಯ ಎಡಗಡೆಯ ಸೀಟಿಗೂ ಅಂಥದೇ ಕರಾರು ಬೇಕು. ಹದಿನೆಂಟು ತುಂಬಿದವನು ಬರಲಿ. ಮೊದಲ ವರ್ಷ ಲಘು ವಾಹನದ ಲೈಸೆನ್ಸಿನೊಂದಿಗೆ ಗಾಲಿ, ಹಗ್ಗ, ಲೋಡು ಕಲಿಯಲಿ; ಇಪ್ಪತ್ತಾದ ಮೇಲೆ ಕಲಿಕಾ ಲೈಸೆನ್ಸಿನಲ್ಲಿ, ಹಗಲು ಹೊತ್ತಿನಲ್ಲಿ ಸ್ಟೇರಿಂಗ್ ಹಿಡಿಯಲಿ. ಓಡಿಸಿದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದು ವಸ್ತಾದ ಸಹಿ ಹಾಕಲಿ. ಕಲಿಸಿದ ವಸ್ತಾದನಿಗೂ ಅದಕ್ಕೆ ಹಣ ಸಿಗಲಿ. ಇಷ್ಟು ಕಾಲ ಆತ ಪುಕ್ಕಟೆ ಕಲಿಸಿದ್ದಾನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ನೂರಾರು ವಾಹನಗಳ ಜೊತೆ ಕರಾರು ಮಾಡಿಕೊಳ್ಳುವ ಸಕ್ಕರೆ ಕಾರ್ಖಾನೆಗಳು ಆ ಕರಾರಿನಲ್ಲೇ ಒಂದು ಷರತ್ತು ಸೇರಿಸಬಹುದು: ಇಷ್ಟು ಲಾರಿಗೆ ಒಬ್ಬ ಕಲಿಯುವವ. ಲಾರಿ ಮಾಲೀಕರ ಸಂಘಗಳು ವಿಮಾ ಕಂಪನಿಗಳ ಮುಂದೆ ಕೂತು, ತರಬೇತಾದ ಚಾಲಕನಿರುವ ಗಾಡಿಗೆ ಕಂತು ಕಡಿಮೆ ಮಾಡಿ ಎಂದು ಕೇಳಬಹುದು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏರ್ ಕಂಡೀಷನ್ ಕಡ್ಡಾಯವಾಗಿದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ ಪಕ್ಕ ಕೂತು ಬೆಂದವರಿಗೆ ಅದರ ಬೆಲೆ ಗೊತ್ತು. ಆ ತಂಪಾದ ಕ್ಯಾಬಿನ್ನಿನಲ್ಲಿ ಎರಡನೆಯವನಿಗೂ ಮಲಗುವ ಜಾಗ, ಊಟದ ಭತ್ಯೆ ಮತ್ತು ತಿಂಗಳ ಸಂಬಳ ಇರುತ್ತದೆ ಎಂದರೆ, ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ಭಾರಿ ವಾಹನದ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕುವ ಹುಡುಗರು ಇನ್ನೂ ಇದ್ದಾರೆ.