ಪರದೆಯ ಪಾಠವೂ ರೋಗಿಯ ಬಳಿಯ ಪಾಠವೂ

ಮಕ್ಕಳನ್ನು ವೈದ್ಯಶಿಕ್ಷಣಕ್ಕೆ ಸೇರಿಸಿರುವ ಸಿರುಗುಪ್ಪ, ಕುರುಗೋಡು ಕಡೆಯ ಸದ್ಭಕ್ತರು ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ. ಪಾಠವೆಲ್ಲ ಮೊಬೈಲಿನಲ್ಲಿಯೇ ದೊರೆಯುವಾಗ ಬಳ್ಳಾರಿಯಲ್ಲಿ ಬಾಡಿಗೆ ತೆತ್ತು ದಿನವೂ ಕಾಲೇಜಿಗೆ ಹೋಗಲೇಬೇಕೆ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತರಗತಿಗಳು ಪರದೆಗೆ ಏರಿದ ಮೇಲೆ ಈ ಪ್ರಶ್ನೆ ಹುಟ್ಟುವುದು ಸಹಜವೇ.

ಪರದೆಯ ಪಾಠಕ್ಕೂ ಅದರದೇ ಗುಣವಿದೆ. ಸಂಹಿತೆಗಳ ಶ್ಲೋಕಾರ್ಥವನ್ನು ತಿಳಿಯುವವರೆಗೆ ಮರಳಿ ಮರಳಿ ಕೇಳಬಹುದು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಹಿಂದೆ ನಿಂತ ವಿದ್ಯಾರ್ಥಿಗೆ ಗುರುಗಳ ಬೆನ್ನು ಮಾತ್ರ ಕಾಣುತ್ತದೆ. ಚಿತ್ರೀಕರಣದಲ್ಲಿ ಗಾಯದ ಅಂಚೂ ಕಾಣುತ್ತದೆ.

ಆದರೆ ದ್ರವ್ಯಗುಣದ ಮಾತು ಬೇರೆ. ಭತ್ತದ ಗದ್ದೆಯ ಬದುವಿನಲ್ಲಿ ತಾನಾಗಿ ಬೆಳೆಯುವ ಕಾಡಿಗ್ಗರಗವೇ ಶಾಸ್ತ್ರದ ಭೃಂಗರಾಜ. ಅದರ ಬಿಳಿ ಹೂವು ಪರದೆಯಲ್ಲಿ ಅಂದವಾಗಿಯೇ ಕಾಣುತ್ತದೆ. ಎಲೆಯನ್ನು ಬೆರಳಿನಲ್ಲಿ ಹೊಸಕಿದಾಗ ರಸವು ಕಪ್ಪಾಗಿ ಚರ್ಮಕ್ಕೆ ಹತ್ತುವುದನ್ನು ಒಮ್ಮೆ ಕಂಡವನು ಆ ಗಿಡವನ್ನು ಮರೆಯಲಾರ. ಕಾಮಾಲೆಗೆ ಬಳಸುವ ನೆಲನೆಲ್ಲಿಗೆ ಅದೇ ಕುಲದ ಹೋಲುವ ಗಿಡಗಳು ಹಲವಿವೆ. ಅವುಗಳನ್ನು ಬೇರೆ ಮಾಡಿ ತಿಳಿಯಬೇಕಾದರೆ ರೆಂಬೆಯನ್ನು ಮಗುಚಿ ಕಾಯಿಗಳನ್ನು ನೋಡಬೇಕು.

ರೋಗಿಯ ಪರೀಕ್ಷೆಯಲ್ಲಿ ಇದು ಇನ್ನೂ ಸೂಕ್ಷ್ಮ. ಕಾಲಿನ ಬಾವನ್ನು ಒತ್ತಿದಾಗ ಬೀಳುವ ಕುಳಿ, ಉದರದಲ್ಲಿ ನೀರು ತುಂಬಿದಾಗ ಅಂಗೈಗೆ ತಾಗುವ ಅಲೆ, ನಾಡಿಯ ಗತಿ, ಇವು ಸ್ಪರ್ಶದಿಂದ ತಿಳಿಯತಕ್ಕವು. "ಎದಿ ಹಿಡಿದಂಗಾಗೈತ್ರಿ" ಎನ್ನುವ ರೈತನದು ಅಜೀರ್ಣವೋ, ಹೃದ್ರೋಗವೋ, ಸಾಲದ ಚಿಂತೆಯೋ ಎಂಬುದನ್ನು ಎದುರು ಕುಳಿತು ಕೇಳುತ್ತಲೇ ಕಲಿಯಬೇಕು. ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ.

ಸುಶ್ರುತಾಚಾರ್ಯರು ಶಾಸ್ತ್ರವನ್ನು ಓದಿ ಮುಗಿಸಿದ ಶಿಷ್ಯನಿಗೂ ಕೂಡಲೇ ಶಸ್ತ್ರವನ್ನು ಒಪ್ಪಿಸಲಿಲ್ಲ. ಸೋರೆ, ಸೌತೆ, ಕಲ್ಲಂಗಡಿಗಳ ಮೇಲೆ ಛೇದನ, ದಪ್ಪ ಬಟ್ಟೆ ಮತ್ತು ಮೃದು ಚರ್ಮದ ಮೇಲೆ ಹೊಲಿಗೆ, ಬೊಂಬೆಯ ಮೇಲೆ ಪಟ್ಟಿ ಕಟ್ಟುವಿಕೆ, ಹೀಗೆ ಕೈಯನ್ನು ಪಳಗಿಸಿದರು. ಇಂದಿನ ಕೌಶಲ ಪ್ರಯೋಗಾಲಯಗಳ ಬೊಂಬೆಗಳು ಅದರ ಮುಂದುವರಿಕೆಯೇ. ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಪದರ ಪದರವಾಗಿ ಕೆರೆದು ನೋಡುವ ವಿಧಿಯನ್ನೂ ಅವರೇ ಹೇಳಿದರು.

ಆಧುನಿಕ ವೈದ್ಯಪದ್ಧತಿಯ ನಿಲುವೂ ಭಿನ್ನವಾಗಿಲ್ಲ. ಕೋವಿಡ್ ಮತ್ತು ಉಕ್ರೇನ್ ಯುದ್ಧದ ಕಾರಣ ವಿದೇಶದಿಂದ ಮರಳಿ, ಅಂತಿಮ ವರ್ಷವನ್ನು ಮನೆಯಿಂದಲೇ ಪೂರೈಸಿದ ವಿದ್ಯಾರ್ಥಿಗಳಿಗೆ, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಒಂದು ವರ್ಷದ ಬದಲು ಎರಡು ವರ್ಷದ ಇಂಟರ್ನ್‌ಶಿಪ್ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಜುಲೈನಲ್ಲಿ ವಿಧಿಸಿತು. ಪಾಪ, ಆ ಮಕ್ಕಳ ತಪ್ಪೇನೂ ಇರಲಿಲ್ಲ. ಆದರೂ ಆಯೋಗದ ನಿರ್ಣಯ ಸರಿಯೆಂದೇ ನನ್ನ ಭಾವನೆ.

ಬಳ್ಳಾರಿಯವರಿಗೆ ದೂರ ಹೋಗುವ ಅಗತ್ಯವೂ ಕಡಿಮೆ. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಮಹಾವಿದ್ಯಾಲಯವೂ ನಗರದಲ್ಲಿಯೇ ಇವೆ. ಎಲ್ಲಿಯೇ ಸೇರಿಸಲಿ, ಪೋಷಕರು ಕಟ್ಟಡವನ್ನೂ ಸ್ಮಾರ್ಟ್ ತರಗತಿಯನ್ನೂ ನೋಡುವ ಮುನ್ನ ಬೆಳಿಗ್ಗೆ ಹತ್ತು ಗಂಟೆಗೆ ಹೊರರೋಗಿ ವಿಭಾಗಕ್ಕೆ ಹೋಗಿ ಎಷ್ಟು ರೋಗಿಗಳಿದ್ದಾರೆಂದು ನೋಡಲಿ. ಆಯುರ್ವೇದ ಕಾಲೇಜಾದರೆ ಔಷಧಿವನಕ್ಕೂ ಹೋಗಿ, ಹೆಸರಿನ ಫಲಕದ ಹಿಂದೆ ಗಿಡವೂ ಇದೆಯೇ ಎಂದು ಪರೀಕ್ಷಿಸಲಿ.