ಮನೆಯ ಜೇಡಗಳನ್ನು ಗುರುತಿಸುವ ಬಗೆ

ಜೇಡವನ್ನು ಕಂಡೊಡನೆ ವಿಷದ ಹುಳುವೆಂದು ಕೂಗಿ ಪೊರಕೆಯನ್ನೆತ್ತುವುದು ಅನೇಕ ಮನೆಗಳ ವಾಡಿಕೆ. ಆದರೆ ನಮ್ಮ ಮನೆಗಳ ಜೇಡಗಳೆಲ್ಲವೂ ಒಂದೇ ಜಾತಿಯವಲ್ಲ. ಒಂದನ್ನು ಮತ್ತೊಂದೆಂದು ಭ್ರಮಿಸುವುದರಿಂದ ಕೆಲವು ವೇಳೆ ಹಾನಿಯೂ ಉಂಟಾಗುವುದರಿಂದ, ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಾಯಿತಂದೆಗಳ ಉಪಯೋಗಕ್ಕಾಗಿ ಈ ವಿಷಯವನ್ನು ಬರೆದಿದ್ದೇನೆ.

ಮೊದಲು ಜೇಡವನ್ನು ಕೀಟಗಳಿಂದ ಬೇರ್ಪಡಿಸಿ ತಿಳಿಯಬೇಕು. ಕೀಟಕ್ಕೆ ೬ ಕಾಲುಗಳು, ಜೇಡಕ್ಕೆ ೮. ಕೀಟದ ದೇಹವು ತಲೆ, ಎದೆ, ಹೊಟ್ಟೆ ಎಂದು ೩ ಭಾಗಗಳುಳ್ಳದ್ದು; ಜೇಡದಲ್ಲಿ ತಲೆಯೂ ಎದೆಯೂ ಕೂಡಿಕೊಂಡಿರುವುದರಿಂದ ಭಾಗಗಳು ಎರಡೇ. ಜೇಡಕ್ಕೆ ರೆಕ್ಕೆಗಳೂ ಇಲ್ಲ, ಮೀಸೆಗಳೂ ಇಲ್ಲ.

ಉಗ್ರಾಣದ ಮೂಲೆಗಳಲ್ಲಿ ಅಸ್ತವ್ಯಸ್ತವಾದ ಬಲೆಯನ್ನು ಕಟ್ಟಿ ತಲೆಕೆಳಗಾಗಿ ತೂಗುವ ನೀಳಗಾಲಿನ ಜೇಡಗಳಲ್ಲಿ ಎರಡು ಜಾತಿಗಳು ಸಾಧಾರಣ. ಮುಟ್ಟಿದರೆ ಎರಡೂ ಬಲೆಯಲ್ಲಿಯೇ ವೇಗವಾಗಿ ನಡುಗುತ್ತವೆ. ಎರಡರ ಹೆಣ್ಣುಗಳೂ ಮೊಟ್ಟೆಗಳ ಗಂಟನ್ನು ಬಾಯಲ್ಲಿ ಕಚ್ಚಿಕೊಂಡಿರುತ್ತವೆ. ಭೇದವನ್ನು ಹೊಟ್ಟೆಯಲ್ಲಿ ನೋಡಬೇಕು. ಹೊಟ್ಟೆಯು ಕೋನಕೋನವಾಗಿ, ಹಿಂಭಾಗದ ಮೇಲ್ತುದಿ ಮೊನಚಾಗಿ ಎದ್ದಿದ್ದರೆ ಅದು ಕ್ರಾಸೊಪ್ರೈಜ. ಹೊಟ್ಟೆಯು ಗೋಲಿಯಂತೆ ಗುಂಡಾಗಿ, ದೇಹವು ಇನ್ನೂ ದೊಡ್ಡದಾಗಿದ್ದರೆ ಅದು ಆರ್ಟಿಮ.

ಗೋಡೆಯ ಮೇಲೆ ಬಲೆಯಿಲ್ಲದೆ ಓಡಾಡಿ, ನೊಣದ ಮೇಲೆ ಬೆಕ್ಕಿನಂತೆ ಹಾರುವವು ನೆಗೆಯುವ ಜೇಡಗಳು. ಇವುಗಳಲ್ಲಿ ಪ್ಲೆಕ್ಸಿಪ್ಪಸ್ ಎಂಬುದರ ಗಂಡಿಗೆ ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳಿವೆ. ಹೆಣ್ಣಾದರೋ ಕಂದು ಬಣ್ಣದ್ದು. ಬಣ್ಣವನ್ನು ಮಾತ್ರ ನೋಡುವವರು ಒಂದೇ ಜಾತಿಯನ್ನು ಎರಡೆಂದು ಎಣಿಸುವರು. ಮೆನೆಮೆರಸ್ ಎಂಬ ಇನ್ನೊಂದು ಬೂದು ಬಣ್ಣದ್ದು. ಅದರ ದೇಹವು ಚಪ್ಪಟೆಯಾಗಿ ಗೋಡೆಗೆ ಅಂಟಿದಂತೆ ಕಾಣುವುದೇ ಅದರ ಗುರುತು.

ಅಂಗೈಯಗಲ ಕಾಲುಗಳನ್ನು ಚಾಚಿ ಬಚ್ಚಲುಮನೆಯ ಗೋಡೆಯಲ್ಲಿ ಕುಳಿತಿರುವ ಕಂದು ಜೇಡವು ಹೆಟೆರೊಪೋಡ. ಹೆಂಗಸರು ಅತಿಯಾಗಿ ಹೆದರುವುದು ಇದಕ್ಕೇ. ಇದು ಬಲೆ ಕಟ್ಟುವುದಿಲ್ಲ. ರಾತ್ರಿಯಲ್ಲಿ ಜಿರಲೆಗಳನ್ನು ಬೇಟೆಯಾಡುತ್ತದೆ. ಹೆಣ್ಣು ಬಿಲ್ಲೆಯಂತಹ ಮೊಟ್ಟೆಚೀಲವನ್ನು ಹೊಟ್ಟೆಯ ಕೆಳಗೆ ಹೊತ್ತು ತಿರುಗುವುದು. ಹಿಡಿದು ಅದುಮಿದರೆ ಕಚ್ಚಿ ನೋಯಿಸಬಹುದು, ಆದರೆ ಪ್ರಾಣಭಯವಿಲ್ಲ.

ಇನ್ನು ಮುಖ್ಯವಾದ ಮಾತು. ಮಕ್ಕಳ ಮೈಮೇಲೆ ಉರಿಯುವ ಗುಳ್ಳೆಗಳೆದ್ದರೆ, ಜೇಡವು ಹರಿದು ಮೂತ್ರ ಬಿಟ್ಟಿತೆಂದು ಹೇಳುವವರುಂಟು. ಇದು ಸರಿಯಲ್ಲ. ಮಳೆಗಾಲದಲ್ಲಿ ದೀಪಕ್ಕೆ ಬರುವ, ಇರುವೆಯನ್ನು ಹೋಲುವ, ಕಪ್ಪು ಮತ್ತು ಕಿತ್ತಳೆ ಬಣ್ಣದ ಪೆಡೆರಸ್ ಎಂಬ ಸಣ್ಣ ಜೀರುಂಡೆಯೊಂದುಂಟು. ಕಾಲುಗಳನ್ನೆಣಿಸಿದರೆ ಆರೇ! ಅದನ್ನು ಮೈಮೇಲೆ ಅರೆದರೆ ಹೊರಡುವ ರಸವು ಚರ್ಮವನ್ನು ಸುಡುತ್ತದೆ. ಗುಳ್ಳೆಗಳು ಮರುದಿನ ಅಥವಾ ಅದರಾಚೆಯ ದಿನ ಏಳುತ್ತವೆ. ಆದುದರಿಂದ ಅದನ್ನು ಊದಿ ಓಡಿಸಬೇಕು; ರಸ ತಗುಲಿದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು, ಕೈಯನ್ನು ಕಣ್ಣಿಗೆ ಒಯ್ಯಬಾರದು.

ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು ಬಹಳ ನೋವಾಗುತ್ತಿದ್ದರೆ ಅದು ಸರ್ಪಸುತ್ತಾಗಿರಬಹುದು. ಜೇಡದ ಹೆಸರು ಹೇಳಿ ಸೊಪ್ಪಿನ ರಸ ಹಚ್ಚುತ್ತ ಕಾಲಹರಣ ಮಾಡಕೂಡದು. ೩ ದಿನಗಳೊಳಗೆ ಔಷಧವು ಆರಂಭವಾದರೆ ಹೆಚ್ಚು ಫಲ. ಕಣ್ಣಿನ ಹತ್ತಿರವಿದ್ದರೆ ವೈದ್ಯರ ಬಳಿಗೆ ಅಂದೇ ಹೋಗತಕ್ಕದ್ದು.

ಮುಂದೆ ಜೇಡವನ್ನು ಕಂಡಾಗ ಗಾಜಿನ ಲೋಟವನ್ನು ಅದರ ಮೇಲೆ ಕವುಚಿ, ಅಡಿಯಲ್ಲಿ ಒಂದು ಗಟ್ಟಿ ಕಾಗದವನ್ನು ಜಾರಿಸಿರಿ. ಮಕ್ಕಳನ್ನು ಕರೆದು ಕಾಲುಗಳನ್ನು ಎಣಿಸಲು, ಹೊಟ್ಟೆಯ ಆಕಾರವನ್ನು ನೋಡಲು ಹೇಳಿರಿ. ಆಮೇಲೆ ಹಿತ್ತಲಲ್ಲಿ ಬಿಟ್ಟುಬಿಡಿರಿ. ಸೃಷ್ಟಿಕರ್ತನು ಅಲ್ಪವಾದ ಪ್ರಾಣಿಗೂ ಅದರದರ ಗುರುತನ್ನು ಕೊಟ್ಟಿರುವನು. ನೋಡಿ ತಿಳಿಯುವ ಅಭ್ಯಾಸವಾದ ಮಗುವಿಗೆ ಕಾರಣವಿಲ್ಲದ ಭಯವು ತಾನಾಗಿಯೇ ಕಡಿಮೆಯಾಗುವುದು.