ಎರಡನೆಯ ತಲೆಯ ಸಾಕ್ಷ್ಯ

ಬೀದರದ ಕೋಟೆಯನ್ನು ಹೊತ್ತು ನಿಂತಿರುವ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯಿಂದ ಕೆಳಗಿಳಿದು, ಮಾಂಜ್ರಾ ನದಿಯ ಇಕ್ಕೆಲಗಳಲ್ಲಿ ಹಬ್ಬಿರುವ ಭಾಲ್ಕಿ, ಔರಾದ ತಾಲ್ಲೂಕುಗಳ ಎರೆಹೊಲಗಳನ್ನು ಹೊಕ್ಕವನಿಗೆ, ತೊಗರಿ, ಉದ್ದು, ಹೆಸರುಗಳ ಫಸಲಿನ ಮಾತು ಮುಗಿದ ಮೇಲೆ ಹಾವಿನ ಮಾತು ಕಿವಿಗೆ ಬೀಳದಿರುವುದು ಅಪೂರ್ವ. ಹಾವಿನ ಮಾತು ಬಂದಿತೆಂದರೆ ಎರಡು ತಲೆಯ ಹಾವಿನ ಪ್ರಸ್ತಾಪವೂ ಅದರ ಹಿಂದೆಯೇ ಬರುವುದು. ಕನ್ನಡದಲ್ಲಿ ಮಣ್ಣುಮುಕ್ಕ ಹಾವೆಂದೂ ಗಡಿಯ ಮರಾಠಿಯಲ್ಲಿ ಮಾಂಡೂಳವೆಂದೂ ದಖನಿಯಲ್ಲಿ ದೋಮುಹಿಯೆಂದೂ ಕರೆಯಿಸಿಕೊಳ್ಳುವ ಈ ಪ್ರಾಣಿಗೆ ಶರೀರದ ಎರಡು ತುದಿಗಳಲ್ಲಿಯೂ ತಲೆಗಳಿರುವುವೆಂದು ಜನ ಹೇಳುತ್ತಾರೆ. ವರ್ಷದಲ್ಲಿ ಆರು ತಿಂಗಳು ಅದು ಒಂದು ತಲೆಯ ಕಡೆಗೂ ಉಳಿದಾರು ತಿಂಗಳು ಮತ್ತೊಂದರ ಕಡೆಗೂ ಹರಿಯುವುದೆನ್ನುತ್ತಾರೆ. ಅದಿದ್ದ ಮನೆಗೆ ಐಶ್ವರ್ಯ ತಾನಾಗಿ ಬರುವುದೆಂದೂ, ಹೂತಿಟ್ಟ ನಿಧಿಯ ಜಾಡನ್ನು ಅದು ತೋರಿಸುವುದೆಂದೂ ನಂಬುವವರಿದ್ದಾರೆ.

ಇಂಥ ಮಾತನ್ನು ಕೇಳಿದೊಡನೆ ನಕ್ಕುಬಿಡುವ ವಿದ್ಯಾವಂತರೂ ಉಂಟು. ಆ ನಗೆ ನನಗೆ ಸಮ್ಮತವಲ್ಲ. ಹೊಲದಲ್ಲಿ ಎರಡು ತಲೆ ಕಂಡೆನೆಂದು ರೈತನೊಬ್ಬನು ಹೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆಂದು ಭಾವಿಸಲು ಕಾರಣವಿಲ್ಲ. ಕಂಡದ್ದೊಂದು, ಕಂಡದ್ದರಿಂದ ಊಹಿಸಿದ್ದೊಂದು; ಪ್ರತ್ಯಕ್ಷವೇ ಬೇರೆ, ಅನುಮಾನವೇ ಬೇರೆ ಎಂಬ ವಿವೇಕವನ್ನು ನಮ್ಮ ತಾರ್ಕಿಕರು ಬಹು ಹಿಂದೆಯೇ ಕಲಿಸಿಕೊಟ್ಟಿದ್ದಾರೆ. ಮಬ್ಬುಗತ್ತಲೆಯಲ್ಲಿ ಬಿದ್ದಿದ್ದ ಹಗ್ಗವನ್ನು ಹಾವೆಂದು ತಿಳಿದು ಬೆದರಿದವನ ದೃಷ್ಟಾಂತವನ್ನು ವೇದಾಂತಿಗಳು ಮತ್ತೆ ಮತ್ತೆ ಹೇಳುವರಷ್ಟೆ. ಅಲ್ಲಿ ಬೆದರಿದವನು ಮಿಥ್ಯಾವಾದಿಯಲ್ಲ, ದೀಪವಿಲ್ಲದವನು. ನಮ್ಮ ಪ್ರಸಂಗದಲ್ಲಿ ಒಂದು ವಿಶೇಷವುಂಟು. ಹಗ್ಗಕ್ಕೆ ಯಾರನ್ನೂ ವಂಚಿಸಬೇಕಾದ ಪ್ರಯೋಜನವಿರಲಿಲ್ಲ. ಈ ಹಾವಿನ ಶರೀರವಾದರೋ ವಂಚನೆಗೆಂದೇ ಯುಗಯುಗಾಂತರಗಳಿಂದ ರೂಪುಗೊಂಡು ಬಂದದ್ದು.

ಪ್ರಾಣಿಶಾಸ್ತ್ರಜ್ಞರು ಇದನ್ನು ಎರಿಕ್ಸ್ ಜೋನಿಯೈ ಎಂದು ಕರೆಯುತ್ತಾರೆ. ಭಾರತದ ಸರ್ಪಗಳನ್ನು ಕುರಿತು ಬೃಹದ್ಗ್ರಂಥ ರಚಿಸಿದ ಪ್ಯಾಟ್ರಿಕ್ ರಸೆಲನು 1801ರಲ್ಲಿ ಇದನ್ನು ವರ್ಣಿಸಿದನು. ಜಾತಿನಾಮವು ತರಂಗಂಬಾಡಿಯಲ್ಲಿದ್ದ ಜರ್ಮನ್ ಪಾದ್ರಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನನ ಗೌರವಾರ್ಥವಾಗಿ ಬಂದದ್ದು. ಇದು ವಿಷವಿಲ್ಲದ ಹಾವು, ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲತಕ್ಕದ್ದು. ಬೆಳೆದ ಹಾವು ಸುಮಾರು ಮೂರು ಅಡಿಯಷ್ಟು ಉದ್ದವಾಗಿ, ಕೆಂಗಂದು ಅಥವಾ ಕಪ್ಪುಗಂದು ಬಣ್ಣದಿಂದ ಕೂಡಿ, ಉರುಳೆಯಂತೆ ದುಂಡಗಿರುತ್ತದೆ. ಸಡಿಲವಾದ ಮಣ್ಣಿನಲ್ಲಿ ಹುದುಗಿ, ಇಲಿಯ ಬಿಲಗಳಲ್ಲಿ ಹೊಕ್ಕು ಹೊರಟು, ಹಗಲನ್ನು ಬಹುಮಟ್ಟಿಗೆ ನೆಲದೊಳಗೆ ಕಳೆದು ಇರುಳಿನಲ್ಲಿ ಹೊರಬೀಳುವುದು ಇದರ ಜೀವನಕ್ರಮ. ಅಂಥ ಜೀವನಕ್ಕೆ ತಕ್ಕಂತೆ ಮೂತಿಯು ಮಣ್ಣನ್ನು ಸೀಳುವ ಬೆಣೆಯಾಗಿದೆ. ಕಣ್ಣುಗಳು ಅತಿ ಸಣ್ಣವಾಗಿ, ಪಾಪೆಗಳು ಲಂಬವಾದ ಸೀಳುಗಳಾಗಿವೆ. ಕೊರಳೆಂಬ ಇಕ್ಕಟ್ಟು ಕಾಣದ ಕಾರಣ ತಲೆ ಎಲ್ಲಿ ಮುಗಿದು ಮೈ ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ. ಇತರ ಹಾವುಗಳ ಬಾಲವು ಕ್ರಮಕ್ರಮವಾಗಿ ಕೃಶವಾಗಿ ಸೂಜಿಯಂತೆ ಕೊನೆಗಾಣುವುದಾದರೆ, ಇದರ ಬಾಲವು ಮೋಟಾಗಿ, ತಲೆಯಷ್ಟೇ ದಪ್ಪವಾಗಿ, ತುದಿಯಲ್ಲಿ ಗುಂಡಾಗಿ ನಿಂತುಬಿಡುತ್ತದೆ.

ಇಷ್ಟು ಮಾತ್ರವಾಗಿದ್ದರೆ ಅದನ್ನು ಆಕಸ್ಮಿಕ ಸಾದೃಶ್ಯವೆಂದು ಬಿಡಬಹುದಾಗಿತ್ತು. ಆದರೆ ಅಪಾಯವೊದಗಿದಾಗ ಈ ಹಾವು ನಡೆದುಕೊಳ್ಳುವ ರೀತಿಯನ್ನು ಗಮನಿಸಬೇಕು. ಅದು ಮೈಯನ್ನು ಸುರುಳಿ ಸುತ್ತಿ, ನಿಜವಾದ ತಲೆಯನ್ನು ಸುರುಳಿಗಳ ಅಡಿಯಲ್ಲಿ ಅಡಗಿಸಿಕೊಂಡು, ಮೋಟುಬಾಲವನ್ನು ಮೇಲಕ್ಕೆತ್ತಿ ಮೆಲ್ಲಗೆ ಆಡಿಸುತ್ತದೆ. ಮೇಲೆ ಬಿದ್ದ ಮುಂಗುಸಿಯೋ ನಾಯಿಯೋ ಹದ್ದೋ, ಎದ್ದು ನಿಂತ ಆ ತುದಿಯನ್ನೇ ತಲೆಯೆಂದು ಬಗೆದು ಅಲ್ಲಿಯೇ ಬಾಯಿ ಹಾಕುತ್ತದೆ. ಬಾಲಕ್ಕಾದ ಗಾಯ ಮಾಯುವುದು, ತಲೆಗಾದ ಗಾಯ ಮಾಯದು. ಈ ಜಾತಿಯ ಹಾವುಗಳ ಬಾಲದ ಮೇಲೆ ಹಳೆಯ ಗಾಯದ ಕಲೆಗಳು ಕಾಣಸಿಗುವುದು ಈ ಕಾರಣದಿಂದ. ಯಾವ ಹಾವಿನ ಬಾಲ ತಲೆಗೆ ಹೆಚ್ಚು ಸದೃಶವಾಗಿತ್ತೋ ಅದು ಬದುಕಿ ಮರಿಗಳನ್ನು ಹಡೆಯಿತು, ಮರಿಗಳೂ ಆ ಗುಣವನ್ನು ಪಡೆದುವು. ಹೀಗೆ ಅಸಂಖ್ಯ ತಲೆಮಾರುಗಳು ಸಂದು ಈ ಸುಳ್ಳುತಲೆ ಸಿದ್ಧವಾಯಿತು. ಅದೇ ತೊಗರಿಹೊಲದಲ್ಲಿ ಹಾರಾಡುವ ಪುಟ್ಟ ನೀಲಿಚಿಟ್ಟೆಯ ಹಿಂದಿನ ರೆಕ್ಕೆಯ ಅಂಚಿನಲ್ಲಿ ಕಣ್ಣಿನಂಥ ಚುಕ್ಕೆಗಳನ್ನೂ ಮೀಸೆಯಂಥ ಎಳೆಯನ್ನೂ ಕಾಣಬಹುದು. ಅಲ್ಲಿಯೂ ನಡೆದಿರುವುದು ಇದೇ ವ್ಯಾಪಾರ, ಹಕ್ಕಿ ರೆಕ್ಕೆಯ ಚೂರನ್ನು ಕಚ್ಚಿಕೊಳ್ಳುತ್ತದೆ, ಚಿಟ್ಟೆ ಪಾರಾಗುತ್ತದೆ.

ಆದಕಾರಣ ರೈತನ ಕಣ್ಣು ತಪ್ಪಿದ್ದಲ್ಲ. ಹದ್ದಿನ ತೀಕ್ಷ್ಣದೃಷ್ಟಿಯನ್ನೇ ಮರುಳುಮಾಡಬಲ್ಲ ಶರೀರವು ಸಂಜೆಯ ಬೆಳಕಿನಲ್ಲಿ ಗುದ್ದಲಿ ಹಿಡಿದು ನಿಂತವನನ್ನು ಮರುಳುಮಾಡಿದ್ದು ಸೋಜಿಗವಲ್ಲ. ನೂರು ಜನ ನೋಡಿದ್ದಾರೆ, ಮೂರು ಭಾಷೆಯ ಜನ ನೋಡಿದ್ದಾರೆ ಎಂಬ ವಾದವನ್ನು ಇಲ್ಲಿ ತೂಗಿ ನೋಡಬೇಕು. ನೂರು ಸಾಕ್ಷಿಗಳು ಒಂದೇ ಮರೆಯ ಹಿಂದೆ ನಿಂತು ನೋಡಿದರೆ ಅದು ನೂರು ಸಾಕ್ಷ್ಯವಾಗದು. ಒಂದೇ ಸಾಕ್ಷ್ಯ ನೂರು ಬಾಯಿಗಳಿಂದ ಬಂದಂತಾಗುವುದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನಲ್ಲಿ ಪ್ಲಿನಿಯೂ ಎರಡು ತುದಿಗಳಲ್ಲಿ ತಲೆಯುಳ್ಳ ಸರ್ಪದ ಸಂಗತಿಯನ್ನು ಬರೆದಿಟ್ಟನು. ಆ ಬರೆಹದ ಪ್ರಾಚೀನತೆಯಿಂದಲೂ ಎರಡನೆಯ ತಲೆಯಲ್ಲಿ ಮಿದುಳು ಹುಟ್ಟಲಾರದು.

ಹಾಗಾದರೆ ದೀಪ ತರುವ ಬಗೆ ಯಾವುದು? ಅದು ಕಷ್ಟಸಾಧ್ಯವೇನೂ ಅಲ್ಲ. ಹಾವು ನಾಲಗೆಯನ್ನು ಚಾಚಿ ಗಾಳಿಯ ವಾಸನೆಯನ್ನು ಹಿಡಿಯುವ ಪ್ರಾಣಿ. ಯಾವ ತುದಿಯಿಂದ ನಾಲಗೆ ಹೊರಬರುವುದೋ ಅದು ತಲೆ, ಎಂದೂ ಬಾರದ ತುದಿ ಬಾಲ. ಹೊಟ್ಟೆಯ ಕಡೆಯಲ್ಲಿ ಮಲದ್ವಾರದ ಅಡ್ಡ ಸೀಳುಂಟು. ಅದರಿಂದಾಚೆಗೆ ಉಳಿದದ್ದೆಲ್ಲವೂ ಬಾಲವೇ. ಕ್ಷ-ಕಿರಣದ ಚಿತ್ರದಲ್ಲಿ ಕಪಾಲ, ದವಡೆ, ಹಲ್ಲುಗಳು ಒಂದು ತುದಿಯಲ್ಲಿ ಮಾತ್ರ ಕಾಣುವುವು, ಇನ್ನೊಂದರಲ್ಲಿ ಬೆನ್ನೆಲುಬಿನ ಕೊನೆಯ ಮಣಿಗಳು. ಆರು ತಿಂಗಳ ಮಾತಿಗಂತೂ ಪರೀಕ್ಷೆ ಇನ್ನೂ ಸುಲಭ: ಒಂದು ತುದಿಗೆ ಬಣ್ಣದ ಬೊಟ್ಟಿಟ್ಟು, ಪೊರೆ ಕಳಚಿದಾಗಲೆಲ್ಲ ಅದನ್ನು ನವೀಕರಿಸುತ್ತ, ಒಂದು ವರ್ಷ ನೋಡಿದರಾಯಿತು. ಮೃಗಾಲಯಗಳಲ್ಲಿ ವರ್ಷಾನುವರ್ಷ ಈ ಹಾವನ್ನು ಸಾಕಿದವರು, ಎಲ್ಲ ಮಾಸಗಳಲ್ಲಿಯೂ ಅದು ಒಂದೇ ಬಾಯಿಂದ ಇಲಿಯನ್ನು ನುಂಗುವುದನ್ನು ಕಂಡಿದ್ದಾರೆ.

ಇಲ್ಲಿ ಒಂದು ನೋವಿನ ಸಂಗತಿಯನ್ನು ಹೇಳಬೇಕಾಗಿದೆ. ಸಾಕ್ಷ್ಯವು ಸಾಲದಾದಾಗ ಸಾಕ್ಷ್ಯವನ್ನು ನಿರ್ಮಿಸುವವರೂ ಹುಟ್ಟಿಕೊಳ್ಳುವರು. ಹಾವಾಡಿಸುವವರಲ್ಲಿ ಕೆಲವರು ಈ ಮೂಕಪ್ರಾಣಿಯ ಬಾಲದ ತುದಿಯನ್ನು ಕೊಯ್ದು ಬಾಯಿಯ ಆಕಾರವನ್ನೂ, ಸುಟ್ಟು ಕಣ್ಣಿನ ಗುರುತನ್ನೂ ಮಾಡಿ ಜನಕ್ಕೆ ತೋರಿಸುತ್ತಿದ್ದುದುಂಟು. ನೋಡಿದವನು ತನ್ನ ಕಣ್ಣಾರೆ ಎರಡನೆಯ ಬಾಯನ್ನೂ ಕಣ್ಣನ್ನೂ ನೋಡಿದ್ದಾನೆ. ಅವನೊಡನೆ ವಾದಿಸುವವನು ಅವನ ದೃಷ್ಟಿಯನ್ನು ಅಲ್ಲಗಳೆಯದೆ, ಆ ಗುರುತು ಅಲ್ಲಿಗೆ ಹೇಗೆ ಬಂದಿತೆಂದು ಕೇಳಬೇಕು.

ಎರಡು ತಲೆಯ ಹಾವು ಪ್ರಪಂಚದಲ್ಲಿ ಇಲ್ಲವೇ ಇಲ್ಲವೆಂದು ಹೇಳಿದರೂ ತಪ್ಪಾದೀತು. ಭ್ರೂಣವು ಇಬ್ಭಾಗವಾಗುವ ಕ್ರಿಯೆ ಅರ್ಧದಲ್ಲಿ ನಿಂತುಹೋದಾಗ, ಮನುಷ್ಯರಲ್ಲಿ ಸಯಾಮಿ ಅವಳಿಗಳು ಹುಟ್ಟುವಂತೆ, ಹಾವುಗಳಲ್ಲಿಯೂ ಎರಡು ತಲೆಯ ಮರಿಗಳು ಅತ್ಯಪೂರ್ವವಾಗಿ ಹುಟ್ಟುತ್ತವೆ. ಆದರೆ ಅವುಗಳ ತಲೆಗಳೆರಡೂ ಒಂದೇ ತುದಿಯಲ್ಲಿ ಅಕ್ಕಪಕ್ಕದಲ್ಲಿರುವುವು. ಎರಡು ಮಿದುಳುಗಳು ಎರಡು ದಿಕ್ಕಿಗೆ ಎಳೆಯುವ ಕಾರಣದಿಂದ ಅಂಥವು ಬಯಲಿನಲ್ಲಿ ಬಹುಕಾಲ ಬದುಕುವುದು ವಿರಳ. ನಮ್ಮ ರಾಜ್ಯಲಾಂಛನವಾದ ಗಂಡಭೇರುಂಡದ ತಲೆಗಳೂ ಹಾಗೆಯೇ ಒಂದೇ ಕಡೆಯಲ್ಲಿವೆ. ಬಳ್ಳಿಗಾವೆಯಲ್ಲಿ 1047ರಲ್ಲಿ ನೆಟ್ಟ ಕಂಬದ ಮೇಲೆ ನಿಂತಿರುವ ಭೇರುಂಡವನ್ನಾಗಲಿ, ಬೀದರ ಕೋಟೆಯ ಶರ್ಜಾ ದರವಾಜೆಯಲ್ಲಿ ಕೆತ್ತಿದ ಮೃಗಗಳನ್ನಾಗಲಿ ನಾವು ಗೌರವದಿಂದ ನೋಡುತ್ತೇವೆ. ಅವು ಬಲದ ಸಂಕೇತಗಳು. ಭೇರುಂಡವನ್ನು ಹಿಡಿದು ತರಲು ಯಾರೂ ಹೊರಡುವುದಿಲ್ಲವಾದ್ದರಿಂದ ಅದರ ಮೇಲಿನ ಶ್ರದ್ಧೆಯಿಂದ ಯಾವ ಜೀವಕ್ಕೂ ಕೇಡಾಗಿಲ್ಲ.

ಸಂಶಯವಾದಿಯ ಕರ್ತವ್ಯವನ್ನು ಕುರಿತು ಎರಡು ಮಾತು ಹೇಳದೆ ಮುಂದುವರಿಯಲಾರೆ. ಹಿಮಾಲಯದ ಯೇತಿಯ ತಲೆಚರ್ಮವೆಂದು ಖುಮ್‌ಜುಂಗ್ ವಿಹಾರದಲ್ಲಿ ಕಾಪಾಡಿಟ್ಟಿದ್ದುದನ್ನು 1960ರಲ್ಲಿ ಎಡ್ಮಂಡ್ ಹಿಲರಿಯು ಪರೀಕ್ಷೆಗೆ ಒಯ್ದಾಗ, ಅದು ಸೆರೋ ಎಂಬ ಕಾಡುಮೇಕೆಯಂಥ ಪ್ರಾಣಿಯ ಚರ್ಮದಿಂದ ಮಾಡಿದ್ದೆಂದು ಗೊತ್ತಾಯಿತು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಯೇತಿಯದೆನ್ನಲಾದ ಒಂಬತ್ತು ಅವಶೇಷಗಳ ಡಿಎನ್‌ಎ ಪರಿಶೀಲಿಸಿದರು. ಎಂಟು ಕರಡಿಗಳವು, ಒಂದು ನಾಯಿಯದು. ಆ ಶೋಧನೆಯಿಂದ ಯೇತಿ ದೊರೆಯಲಿಲ್ಲ, ಆದರೆ ಹಿಮಾಲಯದ ಕಂದುಕರಡಿಯ ವಂಶಚರಿತ್ರೆಯನ್ನು ಕುರಿತು ಹೊಸ ತಿಳಿವು ದೊರೆಯಿತು. ಇದಕ್ಕೆ ವಿರುದ್ಧವಾದ ನಿದರ್ಶನ ನಮಗೆ ಇನ್ನೂ ಸಮೀಪದ್ದು. ಜರ್ಡನನ ಕೋರ್ಸರ್ ಎಂಬ ನಿಶಾಚರ ಪಕ್ಷಿ 1900ರ ಬಳಿಕ ಪಂಡಿತರ ಕಣ್ಣಿಗೆ ಬೀಳದೆ, ನಷ್ಟವಾಗಿ ಹೋಯಿತೆಂದೇ ಪರಿಗಣಿತವಾಗಿತ್ತು. ಆಂಧ್ರದ ಕಡಪ ಜಿಲ್ಲೆಯಲ್ಲಿ ಹಕ್ಕಿ ಹಿಡಿಯುವ ಹಳ್ಳಿಗರು ಅದನ್ನು ಬಲ್ಲವರಾಗಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ ಭೂಷಣರು ಅವರ ಮಾತನ್ನು ತಳ್ಳಿಹಾಕದೆ ಅವರ ನೆರವಿನಿಂದಲೇ ಹುಡುಕಿದ ಫಲವಾಗಿ 1986ರಲ್ಲಿ ಆ ಪಕ್ಷಿ ಮರಳಿ ದೊರೆಯಿತು. ಹಳ್ಳಿಗನ ಸಾಕ್ಷ್ಯವನ್ನು ಹಳ್ಳಿಗನದೆಂಬ ಕಾರಣಕ್ಕೆ ಒಪ್ಪುವುದೂ ತಪ್ಪು, ಅದೇ ಕಾರಣಕ್ಕೆ ಬಿಡುವುದೂ ತಪ್ಪು. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರಷ್ಟೆ. ಪರೀಕ್ಷೆಗೆ ಒಡ್ಡಬಹುದಾದುದನ್ನು ಪರೀಕ್ಷೆಗೆ ಒಡ್ಡಬೇಕೆಂಬ ಆ ನಿಲುವನ್ನೇ ನಾನು ಈ ಹಾವಿನ ವಿಷಯದಲ್ಲಿಯೂ ಬೇಡುತ್ತಿರುವುದು.

ಆದರೆ ನಿಧಿಯ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ಕಷ್ಟ, ಏಕೆಂದರೆ ಅದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಜೊತೆಯಲ್ಲಿಯೇ ತಂದಿರುತ್ತದೆ. ಹಾವು ಮನೆಗೆ ಬಂದೂ ಐಶ್ವರ್ಯ ಬಾರದಿದ್ದರೆ, ಆ ಹಾವು ನಿಜವಾದದ್ದಲ್ಲವೆನ್ನುವರು; ತೂಕ ಸಾಲದೆನ್ನುವರು; ಇನ್ನೂ ಭಾರವಾದದ್ದು ಬೇಕೆನ್ನುವರು. ಯಾವ ಫಲಿತಾಂಶ ಬಂದರೂ ಸೋಲದಂತೆ ಕಟ್ಟಿದ ಮಾತು ಜ್ಞಾನವೆನಿಸಲಾರದು. ಆದರೆ ವ್ಯಾಪಾರಕ್ಕೆ ಅದು ಬಹು ಅನುಕೂಲ. ತೂಕ ಏರಿದಂತೆ ಬೆಲೆ ಏರುವುದಾಗಿ ಹೇಳಿ ಲಕ್ಷಗಟ್ಟಲೆ ರೊಕ್ಕದ ಆಸೆ ತೋರಿಸುವ ದಲ್ಲಾಳಿಗಳ ಬಲೆಗೆ ಬಿದ್ದು, ಬಡವರು ಇದ್ದ ಹಣವನ್ನೂ ಕಳೆದುಕೊಂಡು ಕೊನೆಗೆ ಸೆರೆಮನೆಗೂ ಹೋಗಿದ್ದಾರೆ. 2016ರಿಂದ 2021ರವರೆಗೆ ದೇಶದಲ್ಲಿ ವರದಿಯಾದ ಈ ಹಾವಿನ ಕಳ್ಳಸಾಗಣೆಯ 172 ಪ್ರಸಂಗಗಳನ್ನು ವನ್ಯಜೀವಿ ಸಂರಕ್ಷಣಾ ಸಂಸ್ಥೆಯಾದ ಡಬ್ಲ್ಯುಸಿಎಸ್-ಇಂಡಿಯಾ ಕಲೆಹಾಕಿತು. ಅವುಗಳಲ್ಲಿ ಅತಿ ಹೆಚ್ಚಿನವು, 59, ಔರಾದ, ಭಾಲ್ಕಿಗಳಿಗೆ ಗಡಿಯಾಗಿರುವ ಮಹಾರಾಷ್ಟ್ರದವು. ಸಿಕ್ಕಿಬಿದ್ದವುಗಳ ಲೆಕ್ಕ ಇದು. ಮೊಟ್ಟೆಯಿಡದೆ ಮರಿಗಳನ್ನೇ ಹೆರುವ ಈ ಹಾವು ಒಮ್ಮೆಗೆ ಹಡೆಯುವುದು ಹೆಚ್ಚೆಂದರೆ ಹದಿನಾಲ್ಕರಷ್ಟು. ಅವುಗಳಲ್ಲಿ ಬಲಿಯುವುವು ಕೆಲವೇ. ದಲ್ಲಾಳಿಗೆ ಬೇಕಾಗುವ ಭಾರದ ಹಾವೆಂದರೆ ಮರಿ ಹಾಕುವ ವಯಸ್ಸಿಗೆ ಬಂದ ಹಾವೇ ಆದ್ದರಿಂದ, ಒಂದನ್ನು ಒಯ್ದರೆ ಅದರ ಮುಂದಿನ ಸಂತತಿಯನ್ನೂ ಒಯ್ದಂತೆ. ಹದ್ದಿನಿಂದ ಪಾರಾಗಲು ಅದಕ್ಕೆ ದೊರೆತ ಸುಳ್ಳುತಲೆಯೇ ಮನುಷ್ಯನ ಚೀಲಕ್ಕೆ ಅದನ್ನು ಒಪ್ಪಿಸಿಕೊಡುತ್ತಿರುವುದು ನನ್ನನ್ನು ಬಹಳವಾಗಿ ನೋಯಿಸುತ್ತದೆ.

ಹೊಲದ ಒಡೆಯನಿಗೆ ಈ ಹಾವು ಕೊಡುವ ಐಶ್ವರ್ಯವೊಂದು ನಿಜವಾಗಿಯೂ ಉಂಟು: ಬೀಜವನ್ನೂ ತೆನೆಯನ್ನೂ ತಿಂದುಹಾಕುವ ಇಲಿಗಳನ್ನು ಅದು ಅವುಗಳ ಬಿಲದೊಳಗೇ ಹೊಕ್ಕು ತಿನ್ನುತ್ತದೆ, ಅದಕ್ಕಾಗಿ ಯಾವ ಕೂಲಿಯನ್ನೂ ಕೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಮಾರುವುದೂ ಶಿಕ್ಷಾರ್ಹ ಅಪರಾಧ. ಆದ್ದರಿಂದ ಭಾಲ್ಕಿ, ಔರಾದ, ಬೀದರಗಳ ರೈತಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ: ಕುಂಟೆ ಹೊಡೆಯುವಾಗ ಈ ಹಾವು ಎದುರಾದರೆ ದೂರ ನಿಂತು ಯಾವ ತುದಿಯಿಂದ ನಾಲಗೆ ಬರುವುದೆಂದು ನಿಮ್ಮ ಮಕ್ಕಳಿಗೆ ತೋರಿಸಿ, ಅದನ್ನು ಅದರ ಪಾಡಿಗೆ ಹೋಗಗೊಡಿ, ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅದಕ್ಕೆ ಲಕ್ಷ ಕೊಡುವೆನೆಂದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಪೊಲೀಸರಿಗೆ ತಿಳಿಸಿ.